ವಿಂಡ್‌ಸರ್ಫ್ ಬೋರ್ಡ್‌ಗೆ ಎಷ್ಟುದ್ದದ ಫಿನ್? 58 ಕೆ.ಜಿ. ತೂಕದವಳ ಲೆಕ್ಕ

ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಸಿಕ್ಕಿಸಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಫಿನ್ ಅಂದರೆ ಆ ಬೋರ್ಡಿನ ತಳದಲ್ಲಿ, ಬಾಲದ ಕಡೆ, ನೀರೊಳಗೆ ಇಳಿದಿರುವ ರೆಕ್ಕೆ. ನಾನು ಕೊಂಡ ಮೊದಲ ಸೆಕೆಂಡ್ ಹ್ಯಾಂಡ್ ಬೋರ್ಡ್ ಜೊತೆ 44 ಸೆಂಟಿಮೀಟರ್ ಉದ್ದದ ಫಿನ್ ಬಂದಿತ್ತು. ಮಾರಿದವರು ಆರಡಿ ಮೀರಿದ ಆಸಾಮಿ. ತೂಕ 95 ಕೆ.ಜಿ.ಗೆ ಕಡಿಮೆ ಇರಲಿಲ್ಲ. ನಾನು 58. ಆ ಫಿನ್ ಅವರಿಗೆ ಸರಿಯಾಗಿಯೇ ಇತ್ತು, ನನಗಲ್ಲ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಒಂದಿಡೀ ಬೇಸಿಗೆ ಬೇಕಾಯಿತು.

ನಾನು ಆಡುವ ಜಾಗ ಕೊಯೊಟಿ ಪಾಯಿಂಟ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ, ಸ್ಯಾನ್ ಮಟೇಯೊ ಊರಿನ ಪಾರ್ಕ್. ಹಿಂದೆ ನೀಲಗಿರಿ ಮರಗಳು, ಪಕ್ಕದಲ್ಲೇ ವಿಮಾನ ನಿಲ್ದಾಣ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು ಕೆಂಡವಾದಾಗ ಸಮುದ್ರದ ಕಡೆಯ ತಣ್ಣನೆ ಗಾಳಿ ಗುಡ್ಡಗಳ ಸಂದಿಯಿಂದ ನುಗ್ಗಿ ಬರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ದಡದಲ್ಲಿ ಮೆಲ್ಲಗೆ ಬೀಸುತ್ತಿರುತ್ತದೆ, ಸ್ವಲ್ಪ ಒಳಗೆ ಹೋದರೆ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಆ ಗಾಳಿ ಸಿಕ್ಕಿದ ಕೂಡಲೇ ನನ್ನ ಬೋರ್ಡಿನ ಒಂದು ಮಗ್ಗುಲು ಎದ್ದು ನಿಲ್ಲುತ್ತಿತ್ತು. ಗಾಳಿ ಬರುವ ಕಡೆಯ ಅಂಚು ನೀರು ಬಿಟ್ಟು ಮೇಲೆ, ನಾನು ಅದನ್ನು ಕಾಲಲ್ಲಿ ಒತ್ತಿ ಹಿಡಿಯುವುದು, ಅದು ಮತ್ತೆ ಏಳುವುದು. ಹತ್ತು ನಿಮಿಷಕ್ಕೆ ತೊಡೆ ನಡುಗುತ್ತಿತ್ತು. ನನಗೆ ಶಕ್ತಿ ಸಾಲುತ್ತಿಲ್ಲ ಅಂದುಕೊಂಡೆ. ಜಿಮ್‌ಗೆ ಸೇರಿದೆ. ಹೊಸ ಹಾರ್ನೆಸ್ (ಹಾಯಿಯ ಎಳೆತವನ್ನು ಮೈಭಾರದಿಂದ ತಡೆಯಲು ಕಟ್ಟುವ ಕೊಕ್ಕೆಯ ಪಟ್ಟಿ) ಕೊಂಡೆ. ಸಣ್ಣ ಹಾಯಿ ಕೊಂಡೆ. ಒಟ್ಟು ಖರ್ಚು ಹೇಳಿದರೆ ನಮ್ಮ ಮನೆಯವರು ಈಗಲೂ ಬೈತಾರೆ.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಪಾರ್ಕಿಂಗ್‌ನಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಬೋರ್ಡ್ ತಿರುಗಿಸಿ ನೋಡಿ ಜೋರಾಗಿ ನಕ್ಕರು. ತಮ್ಮ ವ್ಯಾನಿನಿಂದ ಒಂದು 34ರ ಫಿನ್ ತಂದು ಕೊಟ್ಟರು. ಅದೇ ಬೋರ್ಡ್, ಅದೇ ಹಾಯಿ, ಅದೇ ಗಾಳಿ. ಬೋರ್ಡ್ ಚಾಪೆ ಹಾಸಿದ ಹಾಗೆ ನೀರಿನ ಮೇಲೆ ಚಪ್ಪಟೆಯಾಗಿ ಕೂತಿತು. ಆವತ್ತು ಕತ್ತಲಾಗುವವರೆಗೂ ನಾನು ದಡಕ್ಕೆ ಬರಲಿಲ್ಲ.

ಫಿನ್ ಮಾಡುವ ಕೆಲಸ ಏನು ಅಂತ ಮೊದಲು ನೋಡೋಣ. ಫೋನಿನಲ್ಲಿ ವಿವರಿಸಿದಾಗ ಅಪ್ಪ ಕೇಳಿದ ಪ್ರಶ್ನೆ, "ಅದು ಚುಕ್ಕಾಣಿ ಅಲ್ವಾ?" ನಮ್ಮದು ಗಂಗೊಳ್ಳಿ. ದೋಣಿ ನೋಡಿಯೇ ಬೆಳೆದವರಿಗೆ ಹಿಂದೆ ನೀರೊಳಗೆ ಇಳಿದಿರುವುದೆಲ್ಲ ಚುಕ್ಕಾಣಿಯೇ. ಆದರೆ ಫಿನ್ ತಿರುಗುವುದಿಲ್ಲ, ಗಟ್ಟಿಯಾಗಿ ಬೋಲ್ಟ್ ಹಾಕಿ ಕೂರಿಸಿರುತ್ತದೆ. ಬೋರ್ಡ್ ತಿರುಗಿಸುವುದು ಕಾಲು ಮತ್ತು ಹಾಯಿ. ಫಿನ್ ಬೋರ್ಡ್ ಅಡ್ಡಕ್ಕೆ ಜಾರದ ಹಾಗೆ ತಡೆಯುತ್ತದೆ. ಹಾಯಿಗೆ ಸಿಕ್ಕ ಗಾಳಿ ನಿಮ್ಮನ್ನು ಮುಂದಕ್ಕೂ ತಳ್ಳುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಪಕ್ಕದ ತಳ್ಳಾಟಕ್ಕೆ ನೀರೊಳಗಿನಿಂದ ಎದುರು ಕೊಡುವುದು ಫಿನ್. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ನೀರಿಗೆ ಇಳಿಸಿದ ಹಾಗೆ. ರೆಕ್ಕೆ ಮೇಲಕ್ಕೆ ಎತ್ತುತ್ತದೆ, ಇದು ಪಕ್ಕಕ್ಕೆ ಎತ್ತುತ್ತದೆ.

ಇಲ್ಲಿ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ವೇಗ ಎರಡು ಪಟ್ಟಾದರೆ ಫಿನ್ ಕೊಡುವ ಬಲ ನಾಲ್ಕು ಪಟ್ಟಾಗುತ್ತದೆ. ಅಂದರೆ ನಿಧಾನವಾಗಿ ಹೋಗುವಾಗ ದೊಡ್ಡ ಫಿನ್ ಬೇಕು, ಜೋರಾಗಿ ಹೋಗುವಾಗ ಸಣ್ಣದೇ ಸಾಕು. ಕಡಿಮೆ ಗಾಳಿಗೆ ದೊಡ್ಡ ಹಾಯಿ, ದೊಡ್ಡ ಫಿನ್. ಜಾಸ್ತಿ ಗಾಳಿಗೆ ಸಣ್ಣ ಹಾಯಿ, ಸಣ್ಣ ಫಿನ್. ನನ್ನ 44ರ ಫಿನ್ 20 ನಾಟ್ ಗಾಳಿಯಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಲ ಹುಟ್ಟಿಸಿ ಬೋರ್ಡನ್ನೇ ಮಗ್ಗುಲಾಗಿ ಎತ್ತುತ್ತಿತ್ತು. ಅದನ್ನು ಒತ್ತಿ ಹಿಡಿಯಲು 95 ಕೆ.ಜಿ. ಬೇಕು, ಜಿಮ್ ಸಾಲದು.

ಈಗ ಲೆಕ್ಕಕ್ಕೆ ಬರೋಣ. ಮೊದಲು ಅಳತೆ. ಫಿನ್ ಉದ್ದ ಅಂದರೆ ಬೋರ್ಡಿನ ತಳಕ್ಕೆ ಅಂಟುವ ಗೆರೆಯಿಂದ ತುದಿಯವರೆಗೆ ನೇರವಾಗಿ ಕೆಳಕ್ಕೆ ಎಷ್ಟು ಆಳ ಎಂಬುದು. ಬಾಗಿದ ಅಂಚಿನ ಗುಂಟ ಟೇಪ್ ಹಿಡಿದು ಅಳೆಯಬೇಡಿ. ಬೋರ್ಡಿನೊಳಗೆ ಹೋಗುವ ತಲೆಭಾಗವನ್ನೂ ಸೇರಿಸಬೇಡಿ. ಹೆಚ್ಚಿನ ಫಿನ್‌ಗಳ ಮೇಲೆ ಅಂಕಿ ಅಚ್ಚಾಗಿಯೇ ಇರುತ್ತದೆ. ಹಳೆಯದಾಗಿ ಅಳಿಸಿಹೋಗಿದ್ದರೆ ಮಾತ್ರ ಟೇಪ್ ತೆಗೆಯಿರಿ.

ಸಾಮಾನ್ಯ ಫ್ರೀರೈಡ್ ಬೋರ್ಡಿಗೆ, ಅಂದರೆ ರೇಸ್ ಅಲ್ಲದ, ಅಲೆ ಸವಾರಿಯೂ ಅಲ್ಲದ, ಸುಮ್ನೆ ಅತ್ತಿಂದಿತ್ತ ಜೋರಾಗಿ ಹೋಗುವ ಬೋರ್ಡಿಗೆ, ನಾನು ಹಾಕುವ ಲೆಕ್ಕ ಇದು. ಹಾಯಿಯ ಚದರ ಮೀಟರನ್ನು ಐದೂವರೆಯಿಂದ ಗುಣಿಸಿ. 5 ಚದರ ಮೀಟರ್ ಹಾಯಿಗೆ 28 ಸೆಂ.ಮೀ. ಹತ್ತಿರ ಬರುತ್ತದೆ. 6ಕ್ಕೆ 33. 7ಕ್ಕೆ 38 ಅಥವಾ 39. 8ಕ್ಕೆ 44. ಇದು 75 ಕೆ.ಜಿ. ಆಸುಪಾಸಿನವರಿಗೆ. ನನ್ನ ಹಾಗೆ ಹಗುರ ಇದ್ದರೆ ಎರಡು ಸೆಂ.ಮೀ. ಕಳೆಯಿರಿ. 90 ದಾಟಿದ್ದರೆ ಎರಡು ಕೂಡಿಸಿ. ಬಂದ ಉತ್ತರವನ್ನು ಬ್ರಹ್ಮಲಿಪಿ ಅಂದುಕೊಳ್ಳಬೇಡಿ. ಅಡುಗೆಗೆ ಉಪ್ಪಿನ ಅಂದಾಜು ಇದ್ದ ಹಾಗೆ, ಮೊದಲು ಇಷ್ಟು ಹಾಕಿ ನೋಡುವುದು.

ಎರಡನೆಯದು ಬೋರ್ಡಿನ ಅಗಲ. ಅಗಲವನ್ನು ಎರಡರಿಂದ ಭಾಗಿಸಿದರೆ ಬರುವ ಅಂಕಿ ಮೇಲಿನ ಲೆಕ್ಕದ ಹತ್ತಿರ ಇರಬೇಕು, ನಾಲ್ಕೈದು ಸೆಂ.ಮೀ. ಆಚೀಚೆ. ಅಗಲದ ಬೋರ್ಡಿನಲ್ಲಿ ಕಾಲು ಸಿಕ್ಕಿಸುವ ಪಟ್ಟಿಗಳು ನಡುಗೆರೆಯಿಂದ ದೂರ ಇರುತ್ತವೆ. ನೀವು ಹೊರಗಿನ ಅಂಚಿನಲ್ಲಿ ನಿಂತು ಒತ್ತುವ ಭಾರಕ್ಕೆ ಎದುರಾಗಿ ಕೆಳಗಿನಿಂದ ಉದ್ದನೆಯ ಫಿನ್ ಎತ್ತಿ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಹಿಮ್ಮಡಿಯ ಭಾರಕ್ಕೇ ಆ ಅಂಚು ಮುಳುಗುತ್ತದೆ. ಹಾಗಾಗಿ ಅಗಲ ಬೋರ್ಡಿಗೆ ತೀರಾ ಸಣ್ಣ ಫಿನ್ ಹಾಕಿದರೂ ಕಷ್ಟವೇ.

ಎರಡು ಲೆಕ್ಕ ಬೇರೆಬೇರೆ ಉತ್ತರ ಕೊಟ್ಟರೆ? ನನ್ನದೇ ಉದಾಹರಣೆ ನೋಡಿ. ಬೋರ್ಡಿನ ಅಗಲ 74. ಅರ್ಧ ಮಾಡಿದರೆ 37. ಹಾಯಿ 5.7. ಗುಣಿಸಿದರೆ 31, ಹಗುರ ಅಂತ ಎರಡು ಕಳೆದರೆ 29. ನಡುವೆ ಹಿಡಿದರೆ 33. ಗಡ್ಡದ ಹಿರಿಯರು ಯಾವ ಲೆಕ್ಕವನ್ನೂ ಹಾಕದೆ ತಂದುಕೊಟ್ಟದ್ದು 34, ಹೆಚ್ಚುಕಡಿಮೆ ಅದನ್ನೇ. ನಲವತ್ತು ವರ್ಷ ನೀರಲ್ಲಿದ್ದವರ ಕಣ್ಣಳತೆ ಅದು, ಬಿಡಿ.

ಈ ಲೆಕ್ಕ ರೇಸ್ ಬೋರ್ಡುಗಳಿಗೆ ಹೊಂದುವುದಿಲ್ಲ. 2008ರಿಂದ ಟೋಕಿಯೊ ತನಕ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಆರ್‌ಎಸ್:ಎಕ್ಸ್ ಎಂಬ ಬೋರ್ಡ್. ಅಗಲ 93 ಸೆಂ.ಮೀ. ಗಂಡಸರಿಗೆ 9.5ರ ಹಾಯಿ, 66ರ ಫಿನ್. ಹೆಂಗಸರಿಗೆ 8.5ರ ಹಾಯಿ, 60ರ ಫಿನ್. ನನ್ನ ಗುಣಾಕಾರಕ್ಕೆ ಇದು ಎಲ್ಲೂ ಸಿಗದು. ಅವರು ಕಡಿಮೆ ಗಾಳಿಯಲ್ಲೂ ಗಾಳಿಗೆ ಎದುರಾಗಿ ಏರಿ ಹೋಗಬೇಕು, ಅದಕ್ಕೆ ಅಷ್ಟುದ್ದ. ಆದರೆ ಒಂದು ವಿಷಯ ಗಮನಿಸಿ. ಬೋರ್ಡ್ ಅದೇ ಇದ್ದರೂ ಹಾಯಿ ಒಂದು ಚದರ ಮೀಟರ್ ಇಳಿದಾಗ ಫಿನ್ ಆರು ಸೆಂ.ಮೀ. ಇಳಿದಿದೆ. ನಾನು ಆ ಬೇಸಿಗೆಯಲ್ಲಿ ಹಾಯಿ ಸಣ್ಣದು ಮಾಡಿ ಫಿನ್ ಮುಟ್ಟದೆ ಬಿಟ್ಟದ್ದು ಎಷ್ಟು ಪೆದ್ದು ಕೆಲಸ ಅಂತ ಈ ಅಂಕಿ ನೋಡಿದಾಗ ಅರ್ಥವಾಯಿತು.

34 ಸಿಕ್ಕಿದ ಖುಷಿಯಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಸಣ್ಣದಾದರೆ ಇಷ್ಟು ಸುಖ ಅಂದರೆ ಇನ್ನೂ ಸಣ್ಣದು ಇನ್ನೂ ಸುಖ ಅಲ್ವಾ ಅಂತ 28 ಕೊಂಡೆ. ಅದೇ ಬೋರ್ಡಿಗೆ ಹಾಕಿ ಹೊರಟೆ. ಹೊರಡುವಾಗಲೇ ಬಾಲ ಅತ್ತಿತ್ತ ಆಡತೊಡಗಿತು. ಬೋರ್ಡ್ ನೀರು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿ, ಇನ್ನೇನು ಹಾರಿತು ಅನ್ನುವಾಗ ಹಿಂಗಾಲಿನ ಕೆಳಗಿನಿಂದ ಯಾರೋ ಚಾಪೆ ಎಳೆದ ಹಾಗಾಯಿತು. ಬಾಲ ಪಕ್ಕಕ್ಕೆ ಜಾರಿ, ಬೋರ್ಡ್ ಅಡ್ಡ ತಿರುಗಿ, ನಾನು ಹಾಯಿಯ ಮೇಲೆ. ಇದನ್ನು ಸ್ಪಿನ್‌ಔಟ್ ಅನ್ನುತ್ತಾರೆ. ಫಿನ್ ಮೇಲೆ ಅದು ತಾಳಿಕೊಳ್ಳುವುದಕ್ಕಿಂತ ಹೆಚ್ಚು ಒತ್ತಡ ಬಿದ್ದಾಗ ನೀರಿನ ಹರಿವು ಅದರ ಮೈಯಿಂದ ಬಿಟ್ಟುಹೋಗುತ್ತದೆ. ಇಲ್ಲವೇ ಮೇಲಿನಿಂದ ಗಾಳಿ ಸೋರಿ ಇಳಿದು ಫಿನ್ ನೀರಿನ ಬದಲು ಗುಳ್ಳೆಯೊಳಗೆ ನಿಲ್ಲುತ್ತದೆ. ಎರಡರಲ್ಲೂ ಹಿಡಿತ ಹೋಗುತ್ತದೆ. ಸಂಜೆ ಹೊತ್ತಿಗೆ ಇನ್ನೊಂದು ಪಾಠವೂ ಆಯಿತು. ಗಾಳಿಗೆ ಎದುರಾಗಿ ಏರಲು ಆಗದೆ ಹೊರಟ ಜಾಗಕ್ಕಿಂತ ತುಂಬ ಕೆಳಗೆ, ಅಂದರೆ ಗಾಳಿ ತಳ್ಳುವ ದಿಕ್ಕಿಗೆ, ದಡ ಸೇರಿ, ಬೋರ್ಡು ಹಾಯಿ ಹೊತ್ತು ಕಲ್ಲಿನ ಮೇಲೆ ನಡೆದು ಬಂದೆ.

ಸ್ಪಿನ್‌ಔಟ್ ಆದರೆ ಬೀಳಲೇಬೇಕು ಅಂತಿಲ್ಲ. ಹಿಂಗಾಲಿನ ಒತ್ತಡ ತೆಗೆಯಿರಿ, ಹಾಯಿಯನ್ನು ಒಂದು ಕ್ಷಣ ಸಡಿಲ ಬಿಡಿ, ಹಿಂಗಾಲಿನಿಂದ ಬಾಲವನ್ನು ನಿಮ್ಮ ಕೆಳಕ್ಕೆ ಎಳೆದುಕೊಳ್ಳಿ. ಫಿನ್ ಮತ್ತೆ ಕಚ್ಚಿಕೊಳ್ಳುತ್ತದೆ.

ಹಾಗಾದರೆ ನೀರಿನ ಮೇಲೆ ಇದ್ದಾಗ ಫಿನ್ ದೊಡ್ಡದಾಯಿತೋ ಸಣ್ಣದಾಯಿತೋ ತಿಳಿಯುವುದು ಹೇಗೆ? ಗಾಳಿ ಕಡೆಯ ಅಂಚು ಏಳುತ್ತಿದೆ, ವೇಗ ಹೆಚ್ಚಿದಷ್ಟೂ ಬೋರ್ಡ್ ಅಲುಗಾಡುತ್ತದೆ, ಜೋರಾಗಿ ಹೋಗಲು ಹೆದರಿಕೆ ಆಗುತ್ತದೆ ಅಂದರೆ ದೊಡ್ಡದಾಗಿದೆ. ಹೊರಡುವಾಗ ಬಾಲ ಜಾರುತ್ತದೆ, ಹಿಂಗಾಲಿಗೆ ಒರಗಲು ಏನೂ ಸಿಗುತ್ತಿಲ್ಲ, ಪ್ರತಿ ಸುತ್ತಿಗೂ ಗಾಳಿ ತಳ್ಳುವ ಕಡೆಗೇ ಹೋಗುತ್ತೀರಿ ಅಂದರೆ ಸಣ್ಣದು. ಸರಿಯಾದ ಫಿನ್ ಇದ್ದಾಗ ಹಿಂಗಾಲಿಗೆ ಗೋಡೆಗೆ ಒರಗಿದ ಹಾಗೆ ಅನ್ನಿಸುತ್ತದೆ, ಆದರೆ ಗೋಡೆ ತಿರುಗಿ ತಳ್ಳುವುದಿಲ್ಲ.

ಫಿನ್ ಮೇಲೆ ತಪ್ಪು ಹೊರಿಸುವ ಮೊದಲು ಎರಡು ವಿಷಯ ನೋಡಿ. ಒಂದು, ಮಾಸ್ಟ್ (ಹಾಯಿಯ ಕಂಬ) ನಿಲ್ಲಿಸಿದ ಜಾಗ. ಬೋರ್ಡಿನ ಮೂತಿ ಏಳುತ್ತಿದ್ದರೆ ಮಾಸ್ಟ್ ಬುಡವನ್ನು ಒಂದೆರಡು ಸೆಂ.ಮೀ. ಮುಂದೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎರಡು, ನಿಮ್ಮ ಹಿಂಗಾಲು. ಬೋರ್ಡ್ ವೇಗ ಪಡೆಯುವ ಮೊದಲೇ ಹಿಂಗಾಲಿನಿಂದ ಒದ್ದರೆ ಎಂಥ ಫಿನ್ ಆದರೂ ಜಾರುತ್ತದೆ. 38 ಹಾಕಿಯೂ ಸ್ಪಿನ್‌ಔಟ್ ಆಗುವವರನ್ನು ಪ್ರತಿ ವಾರ ನೋಡುತ್ತೇನೆ. ಅವರಿಗೆ ಬೇಕಾದದ್ದು 42 ಅಲ್ಲ, ಸ್ವಲ್ಪ ತಾಳ್ಮೆ.

ಉದ್ದ ಒಂದೇ ಮುಖ್ಯ ಅಲ್ಲ. ನೀರಿನ ಜಾಗವೂ ಮಾತಾಡುತ್ತದೆ. ನಾನು ಕಲಿತದ್ದು ಕೊಲ್ಲಿಯ ಆಚೆ ದಡದ ಅಲಮೇಡದ ಕ್ರೌನ್ ಬೀಚಿನಲ್ಲಿ. ಇಳಿತದ ಹೊತ್ತಲ್ಲಿ ಅಲ್ಲಿ ದೂರದವರೆಗೂ ಮೊಣಕಾಲುದ್ದ ನೀರು. ಕಲಿಯುವವರಿಗೆ ಒಳ್ಳೆಯದು, ಬಿದ್ದರೆ ಎದ್ದು ನಿಲ್ಲಬಹುದು. ಉದ್ದ ಫಿನ್‌ಗೆ ಮಾತ್ರ ಕೆಟ್ಟದ್ದು. ಜೋರಾಗಿ ಬಂದು ಫಿನ್ ಹೊಯ್ಗೆಗೆ ತಾಗಿದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಅಂಥ ಕಡೆ ಹೋಗುವ ಮೊದಲು ಉಬ್ಬರ ಇಳಿತದ ವೇಳೆ ನೋಡಿಕೊಳ್ಳಿ. ಇಲ್ಲವೇ ಡೆಲ್ಟಾ ಫಿನ್ ಹಾಕಿ. ಅದು ಗಿಡ್ಡಗೆ, ಅಗಲಕ್ಕೆ, ತ್ರಿಕೋನದ ಹಾಗೆ ಇರುತ್ತದೆ. ಆಳ ಕಡಿಮೆ, ಆದರೆ ಒಟ್ಟು ಮೈ ದೊಡ್ಡದು, ಹಾಗಾಗಿ ಹಿಡಿತ ಸಿಗುತ್ತದೆ.

ಇನ್ನೊಂದು ಜಾಗ ಶೆರ್ಮನ್ ಐಲೆಂಡ್. ಸಾಕ್ರಮೆಂಟೊ ನದಿ, ಸಿಹಿನೀರು. ನದಿಯ ಸೆಳೆತ ಒಂದು ಕಡೆಗೆ, ಗಾಳಿ ಎದುರಿನಿಂದ. ಎರಡೂ ಮುಖಾಮುಖಿಯಾದಾಗ ಏಳುವ ಅಲೆಗಳ ಮೇಲೆ ಆಡುವುದೇ ಒಂದು ಮಜಾ. ಆದರೆ ಆ ನೀರಿನಲ್ಲಿ ಜೊಂಡು, ಪಾಚಿ, ಅಂತರಗಂಗೆ ಎಲ್ಲ ಇದೆ. ಹೌದು, ನಮ್ಮ ಬೆಂಗಳೂರಿನ ಕೆರೆಗಳನ್ನು ಮುಚ್ಚುವ ಅದೇ ಅಂತರಗಂಗೆ. ಮೊದಲ ಸಲ ಅದನ್ನು ಅಲ್ಲಿ ನೋಡಿ ಊರವರು ಸಿಕ್ಕ ಹಾಗಾಯಿತು. ಖುಷಿ ಹತ್ತು ನಿಮಿಷ ಮಾತ್ರ. ನೆಟ್ಟಗಿನ ಫಿನ್‌ಗೆ ಒಂದು ಎಳೆ ಸುತ್ತಿಕೊಂಡರೂ ಬೋರ್ಡ್ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ, ಹರಿವು ಕೆಟ್ಟು ಸ್ಪಿನ್‌ಔಟ್ ಆಗುತ್ತದೆ. ಅಲ್ಲಿಗೆ ಹಿಂದಕ್ಕೆ ಚೆನ್ನಾಗಿ ಬಾಗಿದ ವೀಡ್ ಫಿನ್ ಬೇಕು, ಕಳೆ ಅದರ ಮೇಲಿಂದ ಜಾರಿಹೋಗುತ್ತದೆ. ವೀಡ್ ಫಿನ್ ಕೊಳ್ಳುವಾಗ ಆಳದ ಅಂಕಿ ನೋಡಿ ಮೋಸ ಹೋಗಬೇಡಿ. ಅದು ಹಿಂದಕ್ಕೆ ಮಲಗಿರುವುದರಿಂದ ಆಳ ಕಡಿಮೆ ಬರುತ್ತದೆ, ಮೈ ಅಗಲ ಇರುತ್ತದೆ. ನೆಟ್ಟಗಿನದು 36 ಹಾಕುವವರು ವೀಡ್ ಫಿನ್ 30 ಹಾಕಿದರೆ ನಡೆಯುತ್ತದೆ. ಅದೇ ಅಂಕಿ ಹುಡುಕಿ 36ರ ವೀಡ್ ಫಿನ್ ಕೊಂಡರೆ ಮತ್ತೆ ಮಗ್ಗುಲು ಏಳುವ ಕಥೆಯೇ.

ಅಣ್ಣನ ಮಗ ಊರಲ್ಲಿ ಸರ್ಫಿಂಗ್‌ಗೆ ಅಂತ ಮುಲ್ಕಿಗೆ ಹೋಗುತ್ತಾನೆ. ಅವನ ಬೋರ್ಡಿನ ಹಿಂದೆ ಮೂರು ಪುಟ್ಟ ಫಿನ್ ಇವೆ, ಅತ್ತೆ ನನಗೂ ಲೆಕ್ಕ ಹಾಕಿ ಕೊಡಿ ಅಂದ. ಅದು ಬೇರೆ ಸಂಸಾರ ಮಾರಾಯ. ಅಲ್ಲಿ ಹಾಯಿ ಇಲ್ಲ, ಪಕ್ಕಕ್ಕೆ ತಳ್ಳುವ ಗಾಳಿ ಇಲ್ಲ, ಅಲೆಯೇ ಎಲ್ಲ. ಈ ಗುಣಾಕಾರ ಅಲ್ಲಿ ನಡೆಯದು.

ಕೊಳ್ಳುವ ಮೊದಲು ಬೋರ್ಡ್ ತಿರುಗಿಸಿ ಅದರ ಬಾಕ್ಸ್, ಅಂದರೆ ಫಿನ್ ತಲೆ ಕೂರುವ ಗೂಡು, ಯಾವುದು ನೋಡಿ. ಉದ್ದ ಸರಿ ಇದ್ದು ಬಾಕ್ಸ್ ಬೇರೆ ಆದರೆ ಫಿನ್ ಗೋಡೆಗೆ ನೇತು ಹಾಕಬೇಕಷ್ಟೆ. ನನ್ನ ಗ್ಯಾರೇಜಿನಲ್ಲಿ ಅಂಥ ಒಂದು ಇದೆ. ಪವರ್ ಬಾಕ್ಸ್ ಆದರೆ ಮೇಲಿನಿಂದ ಒಂದೇ ಬೋಲ್ಟ್. ಟಟಲ್ ಆದರೆ ಮೇಲಿನಿಂದ ಎರಡು. ಡೀಪ್ ಟಟಲ್ ಅದೇ ಮಾದರಿ, ತಲೆ ಇನ್ನೂ ಆಳ, ದೊಡ್ಡ ಫಿನ್‌ಗಳಿಗೆ. ಯುಎಸ್ ಬಾಕ್ಸ್ ಉದ್ದನೆ ಕಾಲುವೆಯ ಹಾಗೆ, ಅದರಲ್ಲಿ ಫಿನ್ ಹಿಂದೆ ಮುಂದೆ ಸರಿಸಬಹುದು. ಅಲೆ ಬೋರ್ಡುಗಳಲ್ಲಿ ಹೆಚ್ಚು. ಫಿನ್ ತಲೆ ಬಾಕ್ಸಿನೊಳಗೆ ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಕೂರಬೇಕು. ಸುತ್ತಿಗೆ ಬೇಕಾಯಿತು ಅಂದರೆ ಆ ಫಿನ್ ಬೇಡ. ಗಲಗಲ ಅಂದರೂ ಬೇಡ.

ಸೆಕೆಂಡ್ ಹ್ಯಾಂಡ್ ಫಿನ್ ಕೊಳ್ಳಲು ಹೆದರಬೇಡಿ, ನನ್ನವೆಲ್ಲ ಅಂಥವೇ. ಒಂದು ಕಣ್ಣು ಮುಚ್ಚಿ ಅಂಚಿನ ಗುಂಟ ನೋಡಿ, ತಿರುಚಿಕೊಂಡಿದ್ದರೆ ಬಿಡಿ. ಮುಂದಿನ ಅಂಚಿನ ಮೇಲೆ ಉಗುರು ಎಳೆಯಿರಿ. ಸಣ್ಣ ಗೀರು ಇದ್ದರೆ 400ರ ವಾಟರ್ ಪೇಪರ್‌ನಿಂದ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಉಜ್ಜಿದರೆ ಹೋಗುತ್ತದೆ. ಚಿಪ್ಪು ಎದ್ದಿದ್ದರೆ ಎಪಾಕ್ಸಿ ತುಂಬಿ, ಒಣಗಿಸಿ, ಉಜ್ಜಬೇಕು. ಹಾಗೇ ಬಿಟ್ಟರೆ ಆ ಜಾಗದಿಂದಲೇ ಹರಿವು ಕೆಟ್ಟು ಸ್ಪಿನ್‌ಔಟ್ ಶುರುವಾಗುತ್ತದೆ. ಸಾಮಾನು ಯಾವುದು ಅಂದರೆ, ಜಿ-10 ಅನ್ನುವ ಫೈಬರ್‌ಗ್ಲಾಸ್ ಹಲಗೆಯಿಂದ ಕೊರೆದದ್ದು ನಮ್ಮಂಥವರಿಗೆ ಧಾರಾಳ ಸಾಕು. ಕಾರ್ಬನ್ ದುಡ್ಡು ರೇಸಿನವರಿಗೆ ಇರಲಿ.

ಎಷ್ಟು ಫಿನ್ ಇಟ್ಟುಕೊಳ್ಳಬೇಕು? ಒಂದೇ ಹಾಯಿ ಇದ್ದರೆ ಒಂದೇ ಸಾಕು. ಎರಡು ಮೂರು ಹಾಯಿ ಇದ್ದರೆ ನಾಲ್ಕು ಸೆಂ.ಮೀ. ಅಂತರದಲ್ಲಿ ಎರಡು ಕೊಳ್ಳಿ. ಎರಡು ಸೆಂ.ಮೀ. ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ. ನನ್ನ ಹತ್ತಿರ 5.7ರ ಹಾಯಿಗೆ 34 ಇದೆ, ಕಡಿಮೆ ಗಾಳಿ ದಿನ 6.7 ಹಾಕಿದಾಗ 38 ಇದೆ. ಶೆರ್ಮನ್‌ಗೆ ಹೋಗಲು ಒಂದು ವೀಡ್ ಫಿನ್. ಆ 28ರದ್ದು ಮುಂದೆ ಕೊಂಡ 60 ಸೆಂ.ಮೀ. ಅಗಲದ ಬೋರ್ಡಿಗೆ, 5ರ ಹಾಯಿ ಜೊತೆ ಹೇಳಿ ಮಾಡಿಸಿದ ಹಾಗೆ ಕೂತಿತು. 44ನ್ನು ಮಾತ್ರ ಇಬ್ಬರಿಗೆ ಮಾರಲು ನೋಡಿದೆ. ಇಬ್ಬರೂ ನನಗಿಂತ ಸಣ್ಣಗಿದ್ದರು, ಮನಸ್ಸು ಬರಲಿಲ್ಲ.

ಆಡಿ ಮುಗಿದ ಮೇಲೆ ಬೋಲ್ಟ್ ಬಿಚ್ಚಿ, ಉಪ್ಪುನೀರು ತೊಳೆದು ಇಡಿ. ಬಾಕ್ಸಿನೊಳಗೆ ಉಪ್ಪು ಹೊಯ್ಗೆ ಗಟ್ಟಿಯಾದರೆ ಮುಂದಿನ ವಾರ ಫಿನ್ ಹೊರಬರುವುದಿಲ್ಲ. ಕಾರಿನಲ್ಲಿ ಒಂದು ಸ್ಕ್ರೂಡ್ರೈವರ್, ನಿಮ್ಮ ಬಾಕ್ಸಿಗೆ ಹೊಂದುವ ಎರಡು ಹೆಚ್ಚುವರಿ ಬೋಲ್ಟ್ ಸದಾ ಇರಲಿ. ಪಾರ್ಕಿಂಗ್‌ನ ಹುಲ್ಲಿನಲ್ಲಿ ಬಿದ್ದ ಬೋಲ್ಟ್ ಯಾವತ್ತೂ ಸಿಕ್ಕಿದ್ದಿಲ್ಲ.